ಪರದೇಶದ ಹೋಟೆಲಿನಲ್ಲಿ ಒಂದು ಋತು

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹೇಳಿದ ನಮ್ಮ ಹಿರಿಯರು, ಸುತ್ತುವವನ ಊಟ ವಸತಿಗಳ ವೆಚ್ಚವನ್ನು ಕೊಡತಕ್ಕವರಾರೆಂಬುದನ್ನು ಹೇಳಲಿಲ್ಲ. ಹೇಳುವ ಅವಶ್ಯಕತೆಯೂ ಆಗ ಇರಲಿಲ್ಲ. ಛತ್ರಗಳಿದ್ದವು, ಮಠಗಳಿದ್ದವು, ವಾರಾನ್ನವಿತ್ತು. ಸಮುದ್ರವನ್ನು ದಾಟಿ ಹೋಗುವ ಇಂದಿನ ತರುಣನಿಗೆ ಇವಾವುವೂ ಇಲ್ಲ. ತಂದೆಯು ಹೊಲ ಮನೆಗಳನ್ನು ಒತ್ತೆಯಿಟ್ಟು ಹಣ ಕೊಟ್ಟರೆ ಹೋಗಬೇಕು. ಇಲ್ಲವಾದರೆ ಹೋದಲ್ಲಿಯೇ ದುಡಿದು ಉಣ್ಣಬೇಕು. ಈ ಎರಡನೆಯ ದಾರಿಯು ಈಚೆಗೆ ನಮ್ಮವರಿಗೂ ತೆರೆದಿರುವುದರಿಂದ, ಅದರಲ್ಲಿ ಹೂವೆಷ್ಟು ಮುಳ್ಳೆಷ್ಟು ಎಂಬುದನ್ನು ವಾಚಕರೊಡನೆ ವಿಚಾರಿಸುವುದು ಉಚಿತವೆಂದು ಭಾವಿಸುತ್ತೇವೆ.

ಆಸ್ಟ್ರೇಲಿಯಾ ದೇಶವು ೧೯೭೫ರಲ್ಲಿ ಒಂದು ಏರ್ಪಾಟನ್ನು ಮಾಡಿತು. ಪರದೇಶದ ತರುಣ ತರುಣಿಯರು ಒಂದು ವರ್ಷದ ಮಟ್ಟಿಗೆ ಅಲ್ಲಿಗೆ ಬಂದು ದೇಶವನ್ನು ಸುತ್ತಬಹುದು. ಕೈಯಲ್ಲಿನ ಹಣ ತೀರಿದಾಗ ಹೋಟೆಲುಗಳಲ್ಲಿಯೋ ತೋಟಗಳಲ್ಲಿಯೋ ಕೆಲಸ ಮಾಡಿ ಮುಂದಿನ ಪ್ರಯಾಣದ ಖರ್ಚನ್ನು ಗಳಿಸಬಹುದು. ಮೊದಲು ಈ ಸೌಕರ್ಯವು ದೊರೆತದ್ದು ಬ್ರಿಟನ್, ಐರ್ಲೆಂಡ್, ಕೆನಡಾ ದೇಶದವರಿಗೆ. ೧೯೮೦ರಲ್ಲಿ ಜಪಾನು ಸೇರಿತು. ಹಿಂದುಸ್ಥಾನದ ಸರದಿ ಬರುವುದಕ್ಕೆ ೨೦೨೪ನೆಯ ಇಸವಿಯಾಯಿತು. ಬಿಳಿಯರಲ್ಲದವರನ್ನು ಹೊರಗಿಡುವುದಕ್ಕಾಗಿಯೇ ೧೯೦೧ರಲ್ಲಿ ಕಾನೂನು ಮಾಡಿ, ಬಂದವನಿಗೆ ಅವನರಿಯದ ಯುರೋಪಿನ ಭಾಷೆಯೊಂದರಲ್ಲಿ ಉಕ್ತಲೇಖನದ ಪರೀಕ್ಷೆಯನ್ನು ಕೊಟ್ಟು, ತಪ್ಪಿದನೆಂದು ಹಡಗಿಗೆ ಹಿಂದಿರುಗಿಸುತ್ತಿದ್ದ ದೇಶವದು. ಆ ಪರೀಕ್ಷೆಯು ೧೯೫೮ರಲ್ಲಿಯೂ, ಬಣ್ಣದ ನೀತಿಯ ಕೊನೆಯ ಅವಶೇಷಗಳು ೧೯೭೩ರಲ್ಲಿಯೂ ಕೊನೆಗೊಂಡವು. ಈ ಚರಿತ್ರೆಯನ್ನು ದ್ವೇಷ ಸಾಧನೆಗಾಗಿ ನಾವು ಸ್ಮರಿಸುತ್ತಿಲ್ಲ. ತೆರೆದ ಬಾಗಿಲನ್ನು ದಾಟುವವನು, ಅದು ಎಷ್ಟು ಕಾಲ ಮುಚ್ಚಿತ್ತೆಂಬುದನ್ನು ತಿಳಿದಿರಬೇಕೆಂದು ಮಾತ್ರ ಹೇಳುತ್ತಿದ್ದೇವೆ.

೨೦೨೨ರ ಏಪ್ರಿಲ್ ೨ರಂದು ಉಭಯ ದೇಶಗಳು ಸಹಿ ಹಾಕಿ, ಅದೇ ಡಿಸೆಂಬರ್ ೨೯ರಂದು ಜಾರಿಗೆ ಬಂದ ವ್ಯಾಪಾರದ ಒಪ್ಪಂದದಲ್ಲಿ, ವರ್ಷಕ್ಕೆ ಒಂದು ಸಾವಿರ ಮಂದಿ ಭಾರತೀಯ ತರುಣರಿಗೆ ಈ ರಹದಾರಿಯನ್ನು ಕೊಡುವುದೆಂದು ನಿಶ್ಚಯವಾಯಿತು. ೨೦೨೪ರ ಅಕ್ಟೋಬರಿನಲ್ಲಿ ಮೊದಲ ಬಾರಿ ಚೀಟಿಯೆತ್ತುವ ಕ್ರಮದಿಂದ ಅರ್ಜಿಗಳನ್ನು ಕರೆದಾಗ, ಸಾವಿರ ಸ್ಥಾನಗಳಿಗೆ ಹತ್ತಾರು ಸಾವಿರ ಮಂದಿ ಹೆಸರು ಕೊಟ್ಟರು. ವಯಸ್ಸು ೧೮ರಿಂದ ೩೦ರೊಳಗಿರಬೇಕು. ಪ್ರೌಢವಿದ್ಯಾಭ್ಯಾಸದ ನಂತರ ಎರಡು ವರ್ಷವಾದರೂ ಓದಿರಬೇಕು. ವ್ಯವಹಾರಕ್ಕೆ ಸಾಕಾಗುವಷ್ಟು ಇಂಗ್ಲಿಷ್ ಬರಬೇಕು. ಆರಂಭದ ಖರ್ಚಿಗೆ ೫ ಸಾವಿರ ಡಾಲರುಗಳಷ್ಟು ಹಣವಿರಬೇಕು. ಹೆಂಡತಿ ಮಕ್ಕಳನ್ನು ಜೊತೆಗೆ ಒಯ್ಯಕೂಡದು. ಚೀಟಿಯಲ್ಲಿ ಹೆಸರು ಸೇರಿಸುವ ಶುಲ್ಕವು ಕೇವಲ ೨೫ ಡಾಲರು. ಹೆಸರು ಬಂದ ಮೇಲೆ ೨೮ ದಿನಗಳೊಳಗಾಗಿ ನಿಜವಾದ ಅರ್ಜಿಯನ್ನೂ ಆರುನೂರಕ್ಕೆ ಮೇಲ್ಪಟ್ಟ ಡಾಲರುಗಳನ್ನೂ ಸಲ್ಲಿಸಬೇಕು. ಚೀಟಿಯು ಸರಕಾರದ್ದು, ಅದನ್ನೆತ್ತುವುದು ಯಂತ್ರ. ಆದುದರಿಂದ "ನಿಮ್ಮ ಹೆಸರನ್ನು ಬರುವಂತೆ ಮಾಡುತ್ತೇವೆ" ಎಂದು ಹೇಳಿ ಹಣ ಕೇಳುವ ಮಧ್ಯಸ್ಥನು, ಯಾವ ಊರಿನವನಾಗಲಿ, ಯಾವ ಬಂಧುವಿನ ಪರಿಚಯದಿಂದ ಬಂದವನಾಗಲಿ, ಸುಳ್ಳು ಹೇಳುತ್ತಿರುವನೆಂದು ತಿಳಿಯಬೇಕು.

ಇನ್ನು ಕೆಲಸದ ಮಾತು. ಪ್ರವಾಸಿಗಳು ಬರುವ ಊರುಗಳಿಗೆ ಒಂದು ವಿಶೇಷವುಂಟು. ವರ್ಷದ ನಾಲ್ಕೈದು ತಿಂಗಳು ಅಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಉಳಿದ ತಿಂಗಳುಗಳಲ್ಲಿ ನಾಯಿಯೂ ಸುಳಿಯುವುದಿಲ್ಲ. ನಮಗೆ ಮುಂಗಾರು ಕಾಲಿಡುವ ಜೂನ್ ತಿಂಗಳಲ್ಲಿ ಆ ದಕ್ಷಿಣಾರ್ಧ ಗೋಲದಲ್ಲಿ ಚಳಿಗಾಲ ಆರಂಭವಾಗುತ್ತದೆ. ಥ್ರೆಡ್‌ಬೊ, ಪೆರಿಷರ್ ಮೊದಲಾದ ಪರ್ವತಸ್ಥಾನಗಳಲ್ಲಿ ಹಿಮ ಬಿದ್ದು, ಅದರ ಮೇಲೆ ಜಾರುವ ಆಟಕ್ಕಾಗಿ ಜನರು ಅಕ್ಟೋಬರಿನ ಆರಂಭದವರೆಗೂ ಬರುತ್ತಾರೆ. ಅದೇ ತಿಂಗಳುಗಳಲ್ಲಿ ಉತ್ತರದ ಉಷ್ಣ ಪ್ರಾಂತ್ಯದಲ್ಲಿ, ಬ್ರೂಮ್, ಡಾರ್ವಿನ್ ಪಟ್ಟಣಗಳ ಕಡೆಗೆ, ಮಳೆಯಿಲ್ಲದ ಹಿತವಾದ ಕಾಲ. ನವೆಂಬರು ಬಂತೆಂದರೆ ಅಲ್ಲಿ ಮಳೆಗಾಲ ಹಿಡಿದು ರಸ್ತೆಗಳು ನೀರಿನಲ್ಲಿ ಮುಳುಗುತ್ತವೆ. ಈ ನಾಲ್ಕೈದು ತಿಂಗಳಿಗಾಗಿ ವರ್ಷವಿಡೀ ಆಳುಗಳನ್ನು ಸಾಕಲು ಯಾವ ಹೋಟೆಲಿನವನೂ ಸಿದ್ಧನಿಲ್ಲ. ಅವನಿಗೆ ಋತುವಿನೊಡನೆ ಬಂದು ಋತುವಿನೊಡನೆ ಹೋಗುವ ಆಳು ಬೇಕು. ತಿರುಗಾಡುವ ತರುಣನಿಗೆ ಅಂಥದೇ ಕೆಲಸ ಬೇಕು. ಹೀಗೆ ಇಬ್ಬರ ಗರಜೂ ಕೂಡಿಬರುತ್ತದೆ. ಉತ್ತರದ ಮತ್ತು ದೂರದ ಪ್ರಾಂತ್ಯಗಳಿಗೆ ಜನ ಸಿಕ್ಕುವುದು ಕಷ್ಟವಾದುದರಿಂದ, ಅಲ್ಲಿಯ ಹೋಟೆಲುಗಳಲ್ಲಿ ಮೂರು ತಿಂಗಳು ದುಡಿದವನಿಗೆ ಎರಡನೆಯ ವರ್ಷದ ರಹದಾರಿಯನ್ನು ಕೇಳುವ ಅಧಿಕಾರವನ್ನೂ ಸರಕಾರವು ಕೊಟ್ಟಿದೆ.

ಈ ಕೆಲಸದ ಸ್ವರೂಪವನ್ನು ಮುಚ್ಚುಮರೆಯಿಲ್ಲದೆ ಹೇಳುವುದು ಮೇಲು. ಹೊಸಬನಿಗೆ ಸಿಕ್ಕುವುದು ಮೂರು ಕೆಲಸಗಳಲ್ಲೊಂದು: ತಟ್ಟೆ ತೊಳೆಯುವುದು, ಕೋಣೆ ಗುಡಿಸಿ ಹಾಸಿಗೆ ಸಜ್ಜು ಮಾಡುವುದು, ಮೇಜಿಗೆ ಬಡಿಸುವುದು. ಬಡಿಸುವವನು ಮದ್ಯವನ್ನೂ ಕೊಡಬೇಕಾದರೆ ಅದಕ್ಕೆ ಪ್ರತ್ಯೇಕವಾದ ಪ್ರಮಾಣಪತ್ರವನ್ನು ಪಡೆದಿರಬೇಕು. ಬೆಳಗಿನ ಉಪಾಹಾರಕ್ಕೆಂದು ನಸುಕಿನಲ್ಲಿಯೇ ಎದ್ದು, ಮಧ್ಯಾಹ್ನ ಬಿಡುವು ಪಡೆದು, ಸಂಜೆ ಮತ್ತೆ ಹೋಗಿ ರಾತ್ರಿಯವರೆಗೆ ನಿಲ್ಲುವ ಒಡಕು ಪಾಳಿಯು ಇಂಥಲ್ಲಿ ಸಾಮಾನ್ಯ. ಕೋಣೆಯ ಕೆಲಸದವನಿಗೆ ಇಷ್ಟು ಹೊತ್ತಿನಲ್ಲಿ ಇಷ್ಟು ಕೋಣೆಗಳೆಂಬ ಲೆಕ್ಕ. ಅತಿಥಿಯು ಬಿಟ್ಟುಹೋದ ಕೂದಲು, ಎಂಜಲು, ಕೊಳೆ ಎಲ್ಲವೂ ಇವನ ಪಾಲಿನದು. ವಾಸಕ್ಕೆ ಮೂರು ನಾಲ್ಕು ಮಂದಿಗೆ ಒಂದು ಕೋಣೆ. ಅದರ ಬಾಡಿಗೆಯನ್ನು ಅನೇಕ ಕಡೆ ಸಂಬಳದಲ್ಲಿಯೇ ಹಿಡಿದುಕೊಳ್ಳುತ್ತಾರೆ. ಮನೆಯಲ್ಲಿ ಉಂಡ ಎಲೆಯನ್ನು ತಾನೇ ಎತ್ತಿ ಅರಿಯದ ಹುಡುಗನಿಗೆ ಮೊದಲ ವಾರ ಕಣ್ಣಿನಲ್ಲಿ ನೀರು ಬಂದರೆ ಆಶ್ಚರ್ಯವಿಲ್ಲ.

ಆದರೆ ಇದರಲ್ಲಿ ಮಾನಹಾನಿಯೇನೂ ಇಲ್ಲವೆಂಬುದಕ್ಕೆ ದೊಡ್ಡವರ ನಿದರ್ಶನಗಳುಂಟು. ಜಯಪ್ರಕಾಶ ನಾರಾಯಣರು ೧೯೨೨ರಿಂದ ೧೯೨೯ರವರೆಗೆ ಅಮೇರಿಕೆಯಲ್ಲಿ ಓದಿದ್ದು ತಂದೆಯ ಹಣದ ಬಲದಿಂದಲ್ಲ. ಕ್ಯಾಲಿಫೋರ್ನಿಯಾದ ದ್ರಾಕ್ಷಿಯ ತೋಟಗಳಲ್ಲಿ ಕೂಲಿ ಮಾಡಿ, ಹಣ್ಣನ್ನು ಡಬ್ಬಿಗೆ ತುಂಬುವ ಕಾರಖಾನೆಯಲ್ಲಿ ನಿಂತು, ಉಪಾಹಾರಗೃಹಗಳಲ್ಲಿ ಪಾತ್ರೆ ತೊಳೆದು ಅವರು ವಿದ್ಯೆಯನ್ನು ಸಂಪಾದಿಸಿದರು. ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿ, ಜಾರ್ಜ್ ಆರ್ವೆಲ್ ಎಂಬ ಹೆಸರಿನಿಂದ ಪ್ರಸಿದ್ಧನಾದ ಇಂಗ್ಲಿಷ್ ಲೇಖಕನು ೧೯೨೯ರಲ್ಲಿ ಪ್ಯಾರಿಸಿನ ಒಂದು ಹೋಟೆಲಿನ ನೆಲಮಾಳಿಗೆಯಲ್ಲಿ ತಟ್ಟೆ ತೊಳೆದನು. ಮೇಲೆ ದೀಪಗಳು, ಕನ್ನಡಿಗಳು, ಬೆಳ್ಳಿಯ ಪಾತ್ರೆಗಳು. ಕೆಳಗೆ ಬೆವರು, ಹೊಲಸು, ಬೈಗಳು. ಈ ಎರಡಕ್ಕೂ ನಡುವೆ ಇರುವುದು ಒಂದು ಬಾಗಿಲು ಮಾತ್ರವೆಂಬುದನ್ನು ೧೯೩೩ರಲ್ಲಿ ತನ್ನ ಮೊದಲ ಪುಸ್ತಕದಲ್ಲಿ ಅವನು ಲೋಕಕ್ಕೆ ತಿಳಿಸಿದನು. ಹೋಟೆಲಿನ ಮುಂಬಾಗಿಲಿನಿಂದ ನೋಡುವ ದೇಶ ಬೇರೆ. ಹಿಂಬಾಗಿಲಿನಿಂದ ನೋಡುವ ದೇಶ ಬೇರೆ. ಹಣವುಳ್ಳ ಪ್ರವಾಸಿಗೆ ಕಾಣದುದು ದುಡಿಯುವ ಪ್ರವಾಸಿಗೆ ಕಾಣುತ್ತದೆ.

ಕಾಣುವುದೆಲ್ಲವೂ ಚೆನ್ನಾಗಿರುವುದಿಲ್ಲ. ೨೦೨೫ರ ಜುಲೈ ೧ರಿಂದ ಆಸ್ಟ್ರೇಲಿಯಾದಲ್ಲಿ ಗಂಟೆಯ ಕನಿಷ್ಠ ಕೂಲಿಯು ೨೪ ಡಾಲರು ೯೫ ಸೆಂಟುಗಳೆಂದು ಗೊತ್ತುಮಾಡಲಾಯಿತು. ಕಾಯಂ ಅಲ್ಲದ ಆಳಿಗೆ ಅದರ ಮೇಲೆ ಶೇಕಡಾ ೨೫ರಷ್ಟು ಹೆಚ್ಚು ಕೊಡಬೇಕು. ಕಾನೂನು ಹೀಗಿದ್ದರೂ, ೨೦೧೭ರಲ್ಲಿ ಪ್ರಕಟವಾದ ಒಂದು ಶೋಧನೆಯಲ್ಲಿ, ನಾಲ್ಕು ಸಾವಿರಕ್ಕೂ ಮಿಕ್ಕಿದ ಪರದೇಶದ ಕೆಲಸಗಾರರನ್ನು ವಿಚಾರಿಸಿದಾಗ, ವಿದ್ಯಾರ್ಥಿಗಳಲ್ಲಿಯೂ ಅಲೆಮಾರಿ ತರುಣರಲ್ಲಿಯೂ ಹೆಚ್ಚುಕಡಿಮೆ ಮೂರನೆಯ ಒಂದು ಪಾಲಿನವರಿಗೆ ನ್ಯಾಯವಾಗಿ ಸಲ್ಲಬೇಕಾದುದರ ಅರ್ಧದಷ್ಟು ಅಥವಾ ಅದಕ್ಕೂ ಕಡಿಮೆ ಕೂಲಿ ದೊರೆಯುತ್ತಿದ್ದುದು ಗೊತ್ತಾಯಿತು. ರಹದಾರಿಯ ಹೆದರಿಕೆಯೇ ಇದಕ್ಕೆ ಮುಖ್ಯ ಕಾರಣ. "ದೂರು ಕೊಟ್ಟರೆ ನಿನ್ನನ್ನು ದೇಶದಿಂದ ಹೊರಗೆ ಹಾಕಿಸುತ್ತೇನೆ" ಎಂಬ ಒಂದು ಮಾತಿಗೆ ಬಾಯಿ ಕಟ್ಟಿಹೋಗುತ್ತದೆ. ೨೦೨೪ರ ಜುಲೈಯಿಂದ ಹಾಗೆ ಹೆದರಿಸಿ ದುಡಿಸುವುದೂ, ೨೦೨೫ರ ಜನವರಿಯಿಂದ ಬೇಕೆಂದೇ ಕೂಲಿಯನ್ನು ಕಡಿಮೆ ಕೊಡುವುದೂ ದಂಡನಾರ್ಹ ಅಪರಾಧಗಳಾಗಿವೆ. ಆದರೆ ಕಾನೂನು ಪುಸ್ತಕದಲ್ಲಿದ್ದರೆ ಸಾಲದು. ಅದನ್ನು ಅರಿತವನಿಗೆ ಮಾತ್ರ ಅದು ಆಸರೆಯಾಗುತ್ತದೆ.

ಬ್ರಿಟನ್ನಿನ ಒಬ್ಬ ತರುಣಿಯು ಸಿಡ್ನಿಯಲ್ಲಿ ಪರಿಚಾರಿಕೆಯಾಗಿ ದುಡಿದಿದ್ದಳು. ಅದೇ ಕೆಲಸವನ್ನು ಮಾಡುವ ಆ ದೇಶದವರಿಗಿಂತ ತನ್ನಿಂದ ಹೆಚ್ಚು ತೆರಿಗೆಯನ್ನು ವಸೂಲು ಮಾಡಿದರೆಂದು ಅವಳು ನ್ಯಾಯಾಲಯದ ಮೆಟ್ಟಲು ಹತ್ತಿದಳು. ೨೦೨೧ರ ನವೆಂಬರಿನಲ್ಲಿ ಆ ದೇಶದ ಅತ್ಯುಚ್ಚ ನ್ಯಾಯಾಲಯವು, ಎರಡು ದೇಶಗಳ ನಡುವಣ ಕರಾರಿಗೆ ಇದು ವಿರುದ್ಧವೆಂದು ಅವಳ ಪರವಾಗಿಯೇ ತೀರ್ಪು ಕೊಟ್ಟಿತು. ಮೇಜಿಗೆ ಬಡಿಸುವ ಹುಡುಗಿಯು ಸರಕಾರದ ತೆರಿಗೆಯ ಅಧಿಕಾರಿಯನ್ನು ಸೋಲಿಸಿದ ಈ ವೃತ್ತಾಂತವು, ಹೊರಡುವ ಪ್ರತಿಯೊಬ್ಬ ತರುಣನ ನೆನಪಿನಲ್ಲಿರಲಿ.

ಋತುವಿನ ಕೆಲಸಕ್ಕೆ ಇನ್ನೊಂದು ದೋಷವುಂಟು. ಹಿಮ ಬೀಳದಿದ್ದರೆ ಅತಿಥಿಯಿಲ್ಲ, ಅತಿಥಿಯಿಲ್ಲದಿದ್ದರೆ ಪಾಳಿಯಿಲ್ಲ, ಪಾಳಿಯಿಲ್ಲದಿದ್ದರೆ ಕೂಲಿಯಿಲ್ಲ. ಬಾಡಿಗೆ ಮಾತ್ರ ನಿಲ್ಲದು. ೨೦೨೦ರ ಮಾರ್ಚಿನಲ್ಲಿ ಸಾಂಕ್ರಾಮಿಕ ರೋಗದ ನಿಮಿತ್ತ ಆ ದೇಶವು ಗಡಿಗಳನ್ನು ಮುಚ್ಚಿ, ಹೋಟೆಲುಗಳು ಬಾಗಿಲು ಹಾಕಿದಾಗ, ಅಲ್ಲಿಯ ಕೆಲಸಗಾರರಿಗೆ ಸರಕಾರದಿಂದ ದೊರೆತ ಕೂಲಿಯ ಸಹಾಯವು ಈ ತರುಣರಿಗೆ ದೊರೆಯಲಿಲ್ಲ. ತಮ್ಮನ್ನು ಸಾಕಿಕೊಳ್ಳಲಾರದವರು ತಮ್ಮ ದೇಶಗಳಿಗೆ ಹಿಂದಿರುಗುವುದು ಒಳ್ಳೆಯದೆಂದು ಪ್ರಧಾನ ಮಂತ್ರಿಗಳು ಹೇಳಿದರು. ಸುಖದ ಕಾಲದಲ್ಲಿ ಅತಿಥಿ, ಕಷ್ಟದ ಕಾಲದಲ್ಲಿ ಅನ್ಯ: ಋತುವಿನ ಆಳಿನ ಹಣೆಬರಹವಿದು.

ಹಾಗಾದರೆ ಹೋಗಬಾರದೇ? ಖಂಡಿತವಾಗಿ ಹೋಗಬೇಕೆಂಬುದೇ ನಮ್ಮ ಅಭಿಪ್ರಾಯ. ಆದರೆ ಕಣ್ಣು ತೆರೆದುಕೊಂಡು ಹೋಗಬೇಕು. ಹಿಂದಿರುಗುವ ಟಿಕೇಟಿನ ಹಣವನ್ನು ಎಂಥ ಪ್ರಸಂಗದಲ್ಲಿಯೂ ಮುಟ್ಟಬಾರದು. ತೆರಿಗೆಯ ಸಂಖ್ಯೆಯನ್ನು ಮೊದಲ ವಾರದಲ್ಲಿಯೇ ಪಡೆಯಬೇಕು. ಕೆಲಸ ಮಾಡಿದ ಗಂಟೆಗಳನ್ನು ದಿನದಿನವೂ ತನ್ನ ಕೈಯಿಂದಲೇ ಬರೆದಿಟ್ಟು, ಸಂಬಳದ ಚೀಟಿಯೊಡನೆ ತಾಳೆ ನೋಡಬೇಕು. ಚೀಟಿ ಕೊಡದೆ ಕೈಯಲ್ಲಿ ನಗದು ಹಣವಿಡುವ ಯಜಮಾನನಿಂದ ದೂರವಿರಬೇಕು. ಒಬ್ಬ ಯಜಮಾನನಲ್ಲಿ ಸಾಮಾನ್ಯವಾಗಿ ಆರು ತಿಂಗಳಿಗಿಂತ ಹೆಚ್ಚು ಕಾಲ ನಿಲ್ಲಕೂಡದೆಂಬ ನಿಯಮವನ್ನು ಮರೆಯಬಾರದು. ಅನ್ಯಾಯವಾದಾಗ ನ್ಯಾಯವಾದ ಕೂಲಿಯ ವಿಚಾರಣೆಗೆಂದೇ ಇರುವ ಸರಕಾರೀ ಕಚೇರಿಗೆ ದೂರು ಕೊಡಲು ಸಂಕೋಚ ಪಡಬಾರದು. ಡಾಲರನ್ನು ರೂಪಾಯಿಗೆ ತಿರುಗಿಸಿ ಹಿಗ್ಗುವ ಚಟವನ್ನೂ ಬಿಡಬೇಕು. ಗಳಿಕೆಯು ಡಾಲರಿನಲ್ಲಾದಂತೆ ಅಕ್ಕಿ, ಬೇಳೆ, ಬಾಡಿಗೆಗಳೂ ಡಾಲರಿನಲ್ಲಿಯೇ ಆಗುತ್ತವೆ. ಮುಪ್ಪಿನ ನಿಧಿಗೆಂದು ಯಜಮಾನನು ಕಟ್ಟಿದ ಹಣವನ್ನು ದೇಶ ಬಿಡುವಾಗ ಹಿಂದಕ್ಕೆ ಕೇಳಬಹುದಾದರೂ, ಈ ರಹದಾರಿಯವರಿಂದ ಅದರಲ್ಲಿ ಶೇಕಡಾ ೬೫ನ್ನು ತೆರಿಗೆಯಾಗಿ ಮುರಿದುಕೊಳ್ಳುತ್ತಾರೆಂಬುದೂ ಗೊತ್ತಿರಲಿ. ಸಾಲ ತೀರಿಸುವುದಕ್ಕಾಗಿ ಈ ದಾರಿಯನ್ನು ಹಿಡಿಯುವವನು ನಿರಾಶನಾಗುವನು. ಲೋಕವನ್ನು ನೋಡುವುದಕ್ಕಾಗಿ ಹಿಡಿಯುವವನು ಆಗಲಾರನು.

ಅಲ್ಲಿಂದ ತರಬೇಕಾದ ಸರಕೂ ಒಂದುಂಟು. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮಿನ ಯಜ್ಞನಾರಾಯಣ ಮಯ್ಯನವರು ೧೯೫೧ರಲ್ಲಿ ಯುರೋಪಿಗೆ ಹೋಗಿ, ಅಲ್ಲಿಯ ಉಪಾಹಾರಗೃಹಗಳು ನಡೆಯುವ ಬಗೆಯನ್ನು ನೋಡಿಬಂದರು. ಅವರು ತಂದದ್ದು ಅಲ್ಲಿಯ ಅಡಿಗೆಯನ್ನಲ್ಲ, ಶುಚಿಯನ್ನು, ಶಿಸ್ತನ್ನು. ಪಾತ್ರೆಗಳನ್ನು ಹಬೆಯಿಂದ ಶುದ್ಧಿ ಮಾಡಿಸಿದರು. ಬಂದವರು ಅಡಿಗೆಯ ಮನೆಯನ್ನು ಕಣ್ಣಾರೆ ನೋಡಲೆಂದರು. ನಮ್ಮ ತರುಣರು ತರಬೇಕಾದದ್ದು ಇದಕ್ಕಿಂತಲೂ ಒಂದು ಹೆಜ್ಜೆ ಮುಂದಿನದು. ಆ ದೇಶದಲ್ಲಿ ತಟ್ಟೆ ತೊಳೆಯುವವನು ಮೇಲ್ವಿಚಾರಕನನ್ನು ಹೆಸರು ಹಿಡಿದು ಕರೆಯುತ್ತಾನೆ. ಕೆಲಸ ಮುಗಿದ ಮೇಲೆ ಇಬ್ಬರೂ ಒಂದೇ ಮೇಜಿನಲ್ಲಿ ಕುಳಿತುಕೊಳ್ಳುವುದಕ್ಕೆ ಅಡ್ಡಿಯಿಲ್ಲ. ನಮ್ಮಲ್ಲಿ?

ನಮ್ಮ ಕರಾವಳಿಯಿಂದ ಮುಂಬಯಿಗೆ ಹೋಗಿ, ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ರಾತ್ರಿಯ ಶಾಲೆಯಲ್ಲಿ ಕನ್ನಡದ ಅಕ್ಷರಗಳನ್ನು ಕಲಿತ ಹುಡುಗರ ಸಂಖ್ಯೆ ಅಲ್ಪವಲ್ಲ. ಅವರಿಗೆ ಚೀಟಿಯೆತ್ತುವ ಭಾಗ್ಯವಿರಲಿಲ್ಲ, ಕನಿಷ್ಠ ಕೂಲಿಯ ರಕ್ಷಣೆಯಿರಲಿಲ್ಲ, ಪ್ರವಾಸವೆಂಬ ಹೆಸರೂ ಇರಲಿಲ್ಲ. ಅವರನ್ನು ನಾವು "ಏ ಮಾಣಿ" ಎಂದು ಕೂಗಿ ಕರೆದೆವು; ಇಂದಿಗೂ ಕರೆಯುತ್ತಿದ್ದೇವೆ. ನೀರು ತಂದಿಟ್ಟವನ ಮುಖವನ್ನು ಎಷ್ಟು ಮಂದಿ ನೋಡಿದ್ದೇವೆ? ಕಾಯಕವೆಂಬ ಮಾತನ್ನು ಲೋಕಕ್ಕೆ ಕೊಟ್ಟ ನಾಡು ನಮ್ಮದೆಂದು ಸಭೆಗಳಲ್ಲಿ ಹೇಳಿಕೊಳ್ಳುವ ನಾವು, ಮೇಜು ಒರೆಸುವವನ ಕಾಯಕಕ್ಕೆ ಕೊಟ್ಟ ಬೆಲೆಯನ್ನು ಲೆಕ್ಕ ಹಾಕಿದರೆ ತಲೆ ತಗ್ಗಿಸಬೇಕಾಗುತ್ತದೆ. ೧೯೦೧ರ ಕಲಕತ್ತೆಯ ಕಾಂಗ್ರೆಸ್ಸಿನಲ್ಲಿ ಪ್ರತಿನಿಧಿಗಳ ಹೊಲಸನ್ನು ಸ್ವಯಂಸೇವಕರು ಮುಟ್ಟಲೊಲ್ಲದಾಗ, ಗಾಂಧೀಜಿಯವರು ತಾವೇ ಪೊರಕೆಯನ್ನು ಹಿಡಿದರು. ಆ ಪೊರಕೆಯ ಪಾಠವನ್ನು ಕಲಿಯುವುದಕ್ಕೆ ಸಮುದ್ರವನ್ನು ದಾಟಬೇಕಾಗಿ ಬಂದರೆ, ದಾಟಿಯಾದರೂ ಕಲಿಯೋಣ.

ಹೋಗಿಬಂದ ತರುಣನನ್ನು ಊರಿನವರು ಎಷ್ಟು ಡಾಲರು ತಂದೆಯೆಂದು ಕೇಳುವರು. ನಾವು ಬೇರೊಂದನ್ನು ನೋಡುತ್ತೇವೆ. ಅವನು ತನ್ನೂರಿನ ಹೋಟೆಲಿಗೆ ಹೋಗಿ ಕುಳಿತಾಗ, ತಟ್ಟೆಯನ್ನು ಎತ್ತಲು ಬಂದ ಹುಡುಗನಿಗೆ ಕೈಗೆಟುಕುವಂತೆ ಆ ತಟ್ಟೆಯನ್ನು ಮುಂದಕ್ಕೆ ಸರಿಸಿ, ಅವನ ಹೆಸರೇನೆಂದು ಕೇಳಿದರೆ, ಆ ಒಂದು ಋತುವು ವ್ಯರ್ಥವಾಗಲಿಲ್ಲವೆಂದು ತಿಳಿಯುತ್ತೇವೆ.