ಡ್ರಾ ಆದ ಪಂದ್ಯ ಗೆದ್ದವರು ಯಾರು?

ಹುಣಸೂರು, ಪಿರಿಯಾಪಟ್ಟಣದ ಕಡೆ ಟೆನಿಸ್ ಬಾಲ್ ಟೂರ್ನಿ ಆಡಿ ಬೆಳೆದ ಹುಡುಗರಿಗೆ ರಣಜಿ ಟ್ರೋಫಿಯ ಕಥೆ ಹೇಳಿದರೆ ಒಂದೇ ಜಾಗದಲ್ಲಿ ತಡೆಯುತ್ತಾರೆ: "ಡ್ರಾ ಅಂತೀರಿ, ಗೆದ್ರು ಅಂತಲೂ ಅಂತೀರಿ. ಅದ್ಹೆಂಗೆ ಸಾರ್?"

ರಣಜಿ 1934ರಲ್ಲಿ ಶುರುವಾದ ದೇಶಿ ಟೂರ್ನಿ. ಒಂದು ಪಂದ್ಯ ಹಲವು ದಿನ ನಡೆಯುತ್ತದೆ, ಎರಡೂ ತಂಡಕ್ಕೆ ಎರಡೆರಡು ಇನಿಂಗ್ಸ್. ಅಷ್ಟು ತಿಳಿದರೆ ಸಾಕು.

ಡ್ರಾ ಎಂದರೆ ರನ್ ಸಮವಾಯಿತು ಎಂದಲ್ಲ, ಅದು ಟೈ. ಆಟ ಮುಗಿಯುವ ಮೊದಲೇ ಸಮಯ ಮುಗಿದರೆ ಡ್ರಾ. ಅಮೆರಿಕದ ಬೇಸ್‌ಬಾಲ್ ಪಂದ್ಯಕ್ಕೆ ಕಾಲಮಿತಿಯಿಲ್ಲ. ಸಮವಾದರೆ ಹೆಚ್ಚುವರಿ ಇನಿಂಗ್ಸ್ ಆಡಿಸುತ್ತಾರೆ. ನಾಕೌಟ್ ಹಂತದಲ್ಲಿ ರಣಜಿ ಹುಡುಕಿಕೊಂಡ ದಾರಿ ಬೇರೆ: ಪಂದ್ಯ ಡ್ರಾ ಆದರೆ ಮೊದಲ ಇನಿಂಗ್ಸ್‌ನಲ್ಲಿ ಯಾರು ಹೆಚ್ಚು ರನ್ ಮಾಡಿದರೋ ಅವರು ಮುಂದಿನ ಸುತ್ತಿಗೆ. ಲೀಗ್‌ನಲ್ಲಾದರೆ ಈಗ ಆ ಮುನ್ನಡೆಗೆ 3 ಅಂಕ, ಎದುರಾಳಿಗೆ 1.

1974ರ ಸೆಮಿಫೈನಲ್ ನೋಡಿ. ಬೆಂಗಳೂರಿಗೆ ಬಂದ ಬಾಂಬೆ ಸತತ 15 ವರ್ಷ ಚಾಂಪಿಯನ್ ಆಗಿದ್ದ ತಂಡ. ಮೈಸೂರು ಎಂಬ ಹೆಸರು ಹೋಗಿ ಕರ್ನಾಟಕ ಎಂದಾದ ಅದೇ ಋತು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106, ಕರ್ನಾಟಕ ಒಟ್ಟು 385. ಉತ್ತರವಾಗಿ ಗಾವಸ್ಕರ್ ಪ್ರಸನ್ನರ ಚೆಂಡಿಗೆ ಬೌಲ್ಡ್. ಕ್ರೀಸಿಗೆ ಅಂಟಿಕೊಂಡಿದ್ದ ವಾಡೇಕರ್ ಓಡುವಾಗ ಜಾರಿ 62ಕ್ಕೆ ರನೌಟ್. ಬಾಂಬೆ 307ಕ್ಕೆ ಆಲೌಟ್. ಅಲ್ಲಿಗೆ 78 ರನ್ ಮುನ್ನಡೆ, ಪಂದ್ಯದ ತೀರ್ಮಾನವೂ ಹೆಚ್ಚುಕಡಿಮೆ ಅಲ್ಲಿಗೇ. ಉಳಿದ ಆಟದಲ್ಲಿ ಕರ್ನಾಟಕ ಸೋಲದಿದ್ದರೆ ಸಾಕಿತ್ತು, ಸೋಲಲಿಲ್ಲ. ಜೈಪುರದ ಫೈನಲ್‌ನಲ್ಲಿ ರಾಜಸ್ಥಾನವನ್ನು ಮಾತ್ರ 185 ರನ್‌ಗಳಿಂದ ಪೂರ್ತಿಯಾಗಿಯೇ ಮಣಿಸಿತು.

ಇದೇ ನಿಯಮದ ಬಿಸಿ ನಮ್ಮ ಜಿಲ್ಲೆಗೂ ತಟ್ಟಿದೆ. 2010ರ ಜನವರಿ, ಮೈಸೂರಿನ ಗಂಗೋತ್ರಿ ಗ್ಲೇಡ್ಸ್, ಫೈನಲ್. ಮುಂಬೈ 233, ಕರ್ನಾಟಕ 130. 103 ರನ್ ಹಿಂದೆ ಬಿದ್ದ ಮೇಲೆ ಮಳೆ ಸುರಿದು ಆಟ ನಿಂತರೂ ಕಪ್ ಮುಂಬೈಗೇ. ಗೆಲ್ಲದೆ ಗತಿಯಿಲ್ಲ, ಮುಂಬೈ ಎರಡನೇ ಇನಿಂಗ್ಸ್ ಮುಗಿಸಿದಾಗ ಗುರಿ 338. ಮನೀಶ್ ಪಾಂಡೆ 144 ಹೊಡೆದರು, ತಂಡ 331ಕ್ಕೆ ಆಲೌಟ್. ಆ 6 ರನ್ನಿಗೆ ಇಂದಿಗೂ ಕೊರಗುವವರಿದ್ದಾರೆ. ನನ್ನ ಸಿಟ್ಟೆಲ್ಲ ಆ 130ರ ಮೇಲೆ.

ಹಳೆಯ ಸ್ಕೋರ್‌ಕಾರ್ಡ್ ಸಿಕ್ಕಿದರೆ ಫಲಿತಾಂಶದ ಸಾಲಿಗೆ ಕೈಯಡ್ಡ ಇಟ್ಟು, ಮೊದಲ ಇನಿಂಗ್ಸ್ ಎರಡನ್ನೇ ಓದಿ ಗೆದ್ದವರನ್ನು ಊಹಿಸಿ. ಮೈಸೂರು ತಂಡ ಬಾಂಬೆಯನ್ನು ಎದುರಿಸಿದ 1941-42 ಮತ್ತು 1959-60ರ ಫೈನಲ್‌ಗಳಿಂದ ಶುರುಮಾಡಬಹುದು.