ಠಾಣೆಯಲ್ಲಿ ಕುಡಿತ ಮುಚ್ಚಿಡಬೇಡಿ

ಮದ್ಯ ಹರಾಮ್, ಅದರಲ್ಲಿ ಎರಡು ಮಾತಿಲ್ಲ. ಆದರೆ ದಿನಾ ಕುಡಿಯುವ ಮಗನೋ ತಮ್ಮನೋ ಯಾವುದೋ ಕೇಸಿನಲ್ಲಿ ಪೊಲೀಸರ ವಶವಾದರೆ ಮನೆಯವರು ಮೊದಲು ಮುಚ್ಚಿಡುವುದು ಕುಡಿತದ ವಿಷಯವನ್ನೇ. ಜಮಾಅತ್‌ನವರಿಗೆ ಗೊತ್ತಾದರೆ ಮರ್ಯಾದೆ ಹೋಗುತ್ತದೆ ಅಂತ ಹೆದರಿಕೆ. ಆ ಹೆದರಿಕೆ ಜೀವಕ್ಕೇ ಮುಳುವಾಗಬಹುದು.

ವರ್ಷಗಟ್ಟಲೆ ವಿಪರೀತ ಕುಡಿದವನಿಗೆ ಲಾಕಪ್ಪಿನಲ್ಲಿ ಮದ್ಯ ಒಮ್ಮೆಲೇ ನಿಲ್ಲುತ್ತದೆ. ಆರೇಳು ಗಂಟೆಯಲ್ಲೇ ಕೈನಡುಕ, ಬೆವರು, ವಾಂತಿ ಶುರುವಾಗಬಹುದು. ಮೊದಲ 48 ಗಂಟೆಯೊಳಗೆ ಫಿಟ್ಸ್ ಬರುವುದುಂಟು. ಎರಡು ಮೂರನೇ ದಿನ ಕೆಲವರಿಗೆ ಬುದ್ಧಿ ಕಲಸಿ, ಇಲ್ಲದ್ದೆಲ್ಲ ಕಾಣಿಸುತ್ತದೆ, ಜ್ವರ ಏರುತ್ತದೆ. ನೋಡಿದವರಿಗೆ ನಾಟಕ ಅನಿಸಬಹುದು. ಚಿಕಿತ್ಸೆ ಸಿಗದಿದ್ದರೆ ಸಾವೂ ಬರಬಹುದು. ಔಷಧಿ ಕೊಟ್ಟರೆ ತಡೆಯಬಹುದಾದ ಸಾವು ಇದು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 53ನೇ ಕಲಮಿನಂತೆ ಬಂಧಿತನನ್ನು ವೈದ್ಯರು ಪರೀಕ್ಷಿಸಬೇಕು. 56ನೇ ಕಲಮಿನಂತೆ ಅವನ ಆರೋಗ್ಯದ ಹೊಣೆ ವಶದಲ್ಲಿಟ್ಟವರದ್ದು. ವಶದಲ್ಲಿರುವಷ್ಟು ದಿನ 48 ಗಂಟೆಗೊಮ್ಮೆ ಪರೀಕ್ಷೆ ಆಗಬೇಕೆಂದು ಸುಪ್ರೀಂ ಕೋರ್ಟ್ 1996ರಲ್ಲೇ ಡಿ.ಕೆ. ಬಸು ಪ್ರಕರಣದಲ್ಲಿ ಹೇಳಿದೆ.

ಹಾಗಾಗಿ ಠಾಣಾಧಿಕಾರಿಗೂ ಡಾಕ್ಟರಿಗೂ ಮೂರು ವಿಷಯ ಹೇಳಿ: ದಿನಕ್ಕೆ ಎಷ್ಟು ಕುಡಿಯುತ್ತಾನೆ, ಕೊನೆಗೆ ಕುಡಿದದ್ದು ಯಾವಾಗ, ಮೊದಲು ಫಿಟ್ಸ್ ಬಂದದ್ದಿದೆಯಾ. ಬರೆದು ಕೊಟ್ಟರೆ ಇನ್ನೂ ಒಳ್ಳೆಯದು. ಯಾರೂ ಕೇಳದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೇಳಿ. ಉಚಿತ ಕಾನೂನು ನೆರವಿಗೆ 15100 ಇದೆ. ಹೊರಬಂದ ಮೇಲೆ ಕುಡಿತ ಬಿಡಿಸಲು ದಾರಿ ಕೇಳುವುದಾದರೆ ಟೆಲಿ ಮನಸ್ 14416ಕ್ಕೆ ಕರೆ ಮಾಡಿ.

ಬೈಯುವುದಿದ್ದರೆ ಅವನು ಜೀವಸಹಿತ ಮನೆಗೆ ಬಂದ ಮೇಲೆ ಬೈಯೋಣ.