ಮೆಹಮಾನರಿಗೆ ಬೇರೆ ವೈಫೈ

ನಮ್ಮ ಮನೆಯಲ್ಲಿ ಮೆಹಮಾನರು ಚಹಾದ ಜೊತೆ ವೈಫೈ ಪಾಸ್‌ವರ್ಡನ್ನೂ ಕೇಳುತ್ತಾರೆ. ಇಲ್ಲ ಎನ್ನುವುದು ಅದಬ್ ಅಲ್ಲ. ಆದರೆ ಅಬ್ಬಾರ ಅಂಗಡಿಯ ಲೆಕ್ಕವಿರುವ ಕಂಪ್ಯೂಟರ್ ಕೂಡ ಅದೇ ವೈಫೈಯಲ್ಲಿದೆ. ಬಂದವರು ಒಳ್ಳೆಯವರೇ. ಆದರೂ ಅವರ ಫೋನಿನಲ್ಲಿ ವೈರಸ್ ಇದ್ದರೆ ಅದು ಅವರಿಗೇ ಗೊತ್ತಿರುವುದಿಲ್ಲ. ಒಂದೇ ನೆಟ್‌ವರ್ಕಿನಲ್ಲಿರುವ ಸಾಧನಗಳು ಸಾಮಾನ್ಯವಾಗಿ ಒಂದನ್ನೊಂದು ತಲುಪಬಲ್ಲವು.

ಇದಕ್ಕೆ ಪರಿಹಾರ ಗೆಸ್ಟ್ ನೆಟ್‌ವರ್ಕ್. ವ್ಯಾಪಾರದ ಲೆಕ್ಕ ಬೇರೆ, ಮಾಲೀಕನ ಸ್ವಂತ ಲೆಕ್ಕ ಬೇರೆ ಎಂದು ಅಕೌಂಟೆನ್ಸಿಯಲ್ಲಿ ಓದುತ್ತೇವಲ್ಲ, ಇದೂ ಹಾಗೆಯೇ. ಅತಿಥಿಗೆ ಇಂಟರ್ನೆಟ್ ಸಿಗುತ್ತದೆ, ಮನೆಯ ಕಂಪ್ಯೂಟರ್ ಸಿಗುವುದಿಲ್ಲ.

ನಾನು ಮಾಡಿದ್ದು ಇಷ್ಟು:

1. ರೂಟರ್ ಮೇಲಿನ ಚೀಟಿಯಲ್ಲಿರುವ ವಿಳಾಸವನ್ನು ಬ್ರೌಸರ್‌ನಲ್ಲಿ ಟೈಪ್ ಮಾಡಿ ಲಾಗಿನ್ ಆದೆ. ಅದು ಹೆಚ್ಚಾಗಿ 192.168.0.1 ಅಥವಾ 192.168.1.1 ಇರುತ್ತದೆ.

2. ಗೆಸ್ಟ್ ನೆಟ್‌ವರ್ಕ್ ಆನ್ ಮಾಡಿ, ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಕೊಟ್ಟೆ. ಸೆಕ್ಯುರಿಟಿ ಡಬ್ಲ್ಯುಪಿಎ2 ಇಟ್ಟೆ.

3. ಅತಿಥಿಗಳಿಗೆ ಲೋಕಲ್ ನೆಟ್‌ವರ್ಕ್ ಪ್ರವೇಶ ಕೊಡುವ ಆಯ್ಕೆಯನ್ನು ಆಫ್ ಮಾಡಿದೆ. ಇದೇ ಮುಖ್ಯ. ಇದು ಆನ್ ಇದ್ದರೆ ಹೆಸರು ಮಾತ್ರ ಬೇರೆ, ಬಾಗಿಲು ಒಂದೇ.

4. ಗೆಸ್ಟ್ ವೈಫೈಗೆ ಸೇರಿದ ಫೋನಿನಿಂದ ಮನೆಯ ಪ್ರಿಂಟರ್ ಹುಡುಕಿದೆ. ಕಾಣಿಸಲಿಲ್ಲ.

ಕೆಲವು ಹಳೆಯ ರೂಟರ್‌ಗಳಲ್ಲಿ ಈ ಸೌಲಭ್ಯ ಇರುವುದಿಲ್ಲ. ನಿಮ್ಮದರಲ್ಲಿ ಇದೆಯೇ ಎಂದು ಮುಂದಿನ ಈದ್‌ಗೆ ಮೊದಲೇ ನೋಡಿಡಿ.